ಕಂದು ಕಾಗದ ಸುತ್ತಿದ ಬಾಟಲಿ

ಹತ್ತರಗಿ ಕಡೆಯವರಿಗೆ ಪಾಚಿ ಹೊಸದೇನಲ್ಲ. ಬಾವಿಯ ಮೆಟ್ಟಿಲು, ದನ ನೀರು ಕುಡಿಯುವ ತೊಟ್ಟಿ, ಹಿಡಕಲ್ ಕಾಲುವೆಯ ಕಲ್ಲು, ಎಲ್ಲಿ ನೀರು ನಿಂತಿತೋ ಅಲ್ಲಿ ಹಾವಸೆ. ಅದು ಬೈಠಕ್ ಖೋಲಿಯ ಗಾಜಿನ ತೊಟ್ಟಿಗೆ, ಅದೂ ಉಪ್ಪುನೀರಿನ ತೊಟ್ಟಿಗೆ ಬಂದರೆ ಮಾತ್ರ ಹೊಸ ತಲೆನೋವು. ಸಮುದ್ರ ಕಾಣಬೇಕೆಂದರೆ ಘಟ್ಟ ಇಳಿಯಬೇಕಾದ ಈ ಸೀಮೆಯಲ್ಲೂ ಈಗ ಮನೆಯೊಳಗೆ ಸಮುದ್ರ ಕಟ್ಟಬಹುದು: ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಚೀಲದ ಉಪ್ಪು, ಒಂದು ಪಂಪು, ದಿಬ್ಬದಂತೆ ಜೋಡಿಸಿದ ಕಲ್ಲು, ಒಂದು ಜೋಡಿ ಕ್ಲೌನ್ ಮೀನು. ಹವಳದ ಮಾತು ಬೇರೆ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದ ಒಂದು ತುಂಡು ಮುರಿದು ತಂದರೂ ಅಪರಾಧವೇ.

ತೊಟ್ಟಿ ಕಟ್ಟಿದ ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಧೂಳಿನ ರೂಪದ ಡಯಾಟಂ ಕಾಣಿಸಿಕೊಳ್ಳುತ್ತದೆ. ಅದು ಹೋಯಿತು ಎನ್ನುವಷ್ಟರಲ್ಲಿ ಕಲ್ಲಿನ ಮೇಲೆ ಹಸಿರು ಕೂದಲು. ಕೆಲವು ತೊಟ್ಟಿಗಳಲ್ಲಿ ಅದರ ಬೆನ್ನಿಗೇ ನೇರಳೆಗೆಂಪು ಲೋಳೆ. ಇಷ್ಟೆಲ್ಲ ಆದರೂ ನೀರು ಮಾತ್ರ ಪೂರ್ತಿ ತಿಳಿ; ಹಿಂಬದಿಯ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು, ಅಷ್ಟು ತಿಳಿ. ಅಂಗಡಿಯವರನ್ನು ಕೇಳಿದರೆ, "ಲೈಟ್ ಕಡಿಮಿ ಮಾಡ್ರಿ ಸರ, ನಾಕ್ ದಿನದಾಗ ತಾನ ಹೋಗತೈತಿ" ಎನ್ನುತ್ತಾರೆ. ಲೈಟ್ ಆರಿಸಿದರೆ ಹೋಗುವುದೂ ಹೌದು, ಹಚ್ಚಿದ ಮೇಲೆ ಮತ್ತೆ ಬರುವುದೂ ಹೌದು.

ನೀರು ಇಷ್ಟು ತಿಳಿಯಾಗಿದ್ದೂ ಪಾಚಿ ಯಾಕೆ? ಇದಕ್ಕೆ ಉತ್ತರ ಸಿಕ್ಕ ದಾರಿ ಮೀನು ಸಾಕುವವರ ಮನೆಯಿಂದ ಶುರುವಾಗಲಿಲ್ಲ. ಗಟಾರದಿಂದ ಶುರುವಾಯಿತು. ನಡುವೆ ಬೆಂಗಳೂರಿಗೂ ಬಂದುಹೋಯಿತು.

ಕೊಳಕು ನೀರು ಮಣ್ಣಿನಲ್ಲಿ ಇಂಗಿದರೆ ಶುದ್ಧವಾಗುತ್ತದೆಂದು ರೈತರಿಗೆ ಮೊದಲಿನಿಂದಲೂ ಗೊತ್ತು. ಅದು ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್, 1877ರಲ್ಲಿ. ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಅವರು ಗಟಾರದ ನೀರನ್ನು ನಿಧಾನ ಇಳಿಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯ ಕಡಿಮೆಯಾಗುತ್ತ ನೈಟ್ರೇಟ್ ಬರತೊಡಗಿತು. ಬರೀ ರಸಾಯನ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವ ಕಾರಣವಿರಲಿಲ್ಲ. ಕ್ಲೋರೋಫಾರಂ ಆವಿ ಬಿಟ್ಟರು, ನೈಟ್ರೇಟ್ ನಿಂತಿತು. ಹೊಸ ಮಣ್ಣಿನ ತೊಳೆದ ನೀರು ಒಂದಿಷ್ಟು ಸುರಿದರು, ಮತ್ತೆ ಶುರುವಾಯಿತು. ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡಬೇಡಿ, ಮೂರು–ನಾಲ್ಕು ವಾರ ಕಾಯಿರಿ ಎಂದು ಇಂದಿಗೂ ಹೇಳುವುದಕ್ಕೆ ಕಾರಣ ಆ ಕೊಳವೆಯ ಇಪ್ಪತ್ತು ದಿನಗಳೇ.

ಮುಂದಿನ ಹೆಜ್ಜೆ ಅಮೆರಿಕದ ಮ್ಯಾಸಚೂಸೆಟ್ಸಿನದು. ಅಲ್ಲಿನ ಲಾರೆನ್ಸ್ ಪ್ರಯೋಗ ಕೇಂದ್ರ 1887ರಿಂದ ಮಲಿನ ನೀರಿನ ಹಿಂದೆ ಬಿದ್ದಿತ್ತು. 1912ರಲ್ಲಿ ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬಿಬ್ಬರು ಬಾಟಲಿಗಳಿಗೆ ಗಟಾರದ ನೀರು ತುಂಬಿ ಗಾಳಿ ಊದುತ್ತಿದ್ದರು. ಬಾಟಲಿಯ ಒಳಗೆ ಹಸಿರು ಪಾಚಿ ಬೆಳೆದಿತ್ತು, ನೀರು ಬೇಗ ಶುದ್ಧವಾಗುತ್ತಿತ್ತು. ಇನ್ನೊಂದು ತೊಟ್ಟಿಯಲ್ಲಿ ಸ್ಲೇಟ್ ಕಲ್ಲಿನ ಹಲಗೆಗಳನ್ನು ಸ್ವಲ್ಪ ಸ್ವಲ್ಪ ಸಂದು ಬಿಟ್ಟು ನಿಲ್ಲಿಸಿದ್ದರು. ಅವುಗಳ ಮೈಗೆ ಕಂದು ಲೋಳೆ ಹಿಡಿದಿತ್ತು. ಆ ನವೆಂಬರಿನಲ್ಲಿ ಇದನ್ನು ಕಣ್ಣಾರೆ ನೋಡಿದವರು ಗಿಲ್ಬರ್ಟ್ ಫೌಲರ್. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ. ನ್ಯೂಯಾರ್ಕ್ ಬಂದರಿನ ಹೊಲಸಿನ ಬಗ್ಗೆ ಅಭಿಪ್ರಾಯ ಕೇಳಲು ಅವರನ್ನು ಕರೆಸಿದ್ದರು.

ಊರಿಗೆ ಮರಳಿದ ಫೌಲರ್ ತಾವು ಕಂಡದ್ದನ್ನು ಡೇವಿಹುಲ್ಮ್ ಮಲಿನ ನೀರಿನ ಸ್ಥಾವರದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಹೇಳಿ, ನೀವೂ ಮಾಡಿ ನೋಡಿ ಎಂದರು. ಇವರಿಗೊಂದು ಅನುಮಾನ. ನೀರು ಶುದ್ಧ ಮಾಡುತ್ತಿರುವುದು ಪಾಚಿಯೋ, ಇನ್ನೇನೋ? ತೀರ್ಮಾನಿಸಲು ಅವರು ಮಾಡಿದ್ದು ಬಲು ಸರಳ ಕೆಲಸ. ಬಾಟಲಿಗಳಿಗೆ ಕಂದು ಕಾಗದ ಸುತ್ತಿದರು. ಬೆಳಕಿಲ್ಲದಿದ್ದರೆ ಪಾಚಿ ಇಲ್ಲ. ಆ ಕತ್ತಲೆಯಲ್ಲೇ ಗಾಳಿ ಊದುತ್ತ ಹೋದರು. ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಐದು ವಾರ ಹಿಡಿಯಿತು. ಪಾಚಿ ಇಲ್ಲದೆಯೂ ಆಗುತ್ತದೆಂದು ಖಾತ್ರಿಯಾಯಿತು. ಆದರೆ ಐದು ವಾರ ಗಟಾರದ ನೀರು ಹಿಡಿದಿಟ್ಟುಕೊಳ್ಳಲು ಯಾವ ನಗರಸಭೆಗೆ ಸಾಧ್ಯ?

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಜಾಗ ಇದೇ. ಪ್ರಯೋಗ ಮುಗಿದ ಮೇಲೆ ಬಾಟಲಿ ತೊಳೆದಿಡುವುದು ರೂಢಿ. ತಳದಲ್ಲಿ ಕೂತ ಕಂದು ಗಸಿಯನ್ನು ಯಾರಾದರೂ ಚೆಲ್ಲುತ್ತಾರೆ. ಇವರು ಚೆಲ್ಲಲಿಲ್ಲ. ಮೇಲಿನ ತಿಳಿಯನ್ನಷ್ಟೇ ಬಸಿದು, ಅದೇ ಗಸಿಯ ಮೇಲೆ ಹೊಸ ಗಟಾರದ ನೀರು ಸುರಿದು ಮತ್ತೆ ಗಾಳಿ ಊದಿದರು. ಈ ಸಲ ಬೇಗ ಆಯಿತು. ಮತ್ತೆ ಬಸಿದರು, ಮತ್ತೆ ಸುರಿದರು. ಪ್ರತಿ ಸುತ್ತಿಗೂ ಗಸಿ ಹೆಚ್ಚುತ್ತ, ಹೊತ್ತು ಕಡಿಮೆಯಾಗುತ್ತ ಬಂತು. ಐದು ವಾರದ ಕೆಲಸ ಕೊನೆಗೆ ಒಂದೇ ದಿನಕ್ಕೆ ಇಳಿಯಿತು. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಅವರು ಈ ಪ್ರಬಂಧ ಓದಿದರು. ಆ ಗಸಿಗೆ ಅವರಿಟ್ಟ ಹೆಸರು ಆಕ್ಟಿವೇಟೆಡ್ ಸ್ಲಜ್. ಇಂದು ಜಗತ್ತಿನ ದೊಡ್ಡ ಊರುಗಳ ಮಲಿನ ನೀರಿನ ಸ್ಥಾವರಗಳು ಬಹುಪಾಲು ಅದರ ಮೇಲೇ ನಡೆಯುತ್ತವೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆಯುವ ನಮ್ಮ ಮೀನುಪ್ರಿಯರು ಆರ್ಡರ್ನ್ ಚೆಲ್ಲದೆ ಉಳಿಸಿಕೊಂಡದ್ದನ್ನೇ ವಾರಕ್ಕೊಮ್ಮೆ ಚೆಲ್ಲುತ್ತಿದ್ದಾರೆ.

ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದರು. ಆಗ ಎಲ್ಲರೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಗಸಿಯ ಕುತೂಹಲ ಅವರೊಂದಿಗೆ ಬಂದು ಆ ವಿಭಾಗದಲ್ಲಿ ಬೇರೂರಿತು. ಅವರು ವಿಭಾಗ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಎಸ್. ಸಿ. ಪಿಳ್ಳೈ ಎಂಬ ಸಂಶೋಧಕರು ಅಲ್ಲಿ ಅದೇ ಗಸಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು. ಎಲ್ಲರೂ ಬ್ಯಾಕ್ಟೀರಿಯ ಎಂದು ಹೇಳುತ್ತಿದ್ದ ಆ ಗಸಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಎಪಿಸ್ಟೈಲಿಸ್. ಒಂದು ಕಾಂಡಕ್ಕೆ ಕವಲೊಡೆದು ಪ್ರತಿ ಕವಲಿನ ತುದಿಗೂ ಒಂದು ಗಂಟೆಯಾಕಾರದ ಜೀವ. ಗಂಟೆಯ ಬಾಯಂಚಿಗೆ ನವಿರಾದ ರೋಮಗಳು. ರೋಮ ಆಡಿಸಿ ಸುಳಿ ಎಬ್ಬಿಸಿ, ನೀರಿನಲ್ಲಿ ತೇಲುವ ಬಿಡಿ ಬ್ಯಾಕ್ಟೀರಿಯಗಳನ್ನು ಸೆಳೆದು ನುಂಗುವ ಏಕಕೋಶ ಪ್ರಾಣಿ ಅದು. ಪಿಳ್ಳೈ ಮತ್ತು ಅವರ ಗುರು ವಿ. ಸುಬ್ರಹ್ಮಣ್ಯನ್ 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಪ್ರಾಣಿಗಳ ಪಾತ್ರ ಬಹಳ ದೊಡ್ಡದು ಎಂದು ಬರೆದರು. (ಮುಂದೆ ಮೈಸೂರಿನ ಸಿಎಫ್‌ಟಿಆರ್‌ಐಗೆ ಮೊದಲ ನಿರ್ದೇಶಕರಾದವರು ಇದೇ ಸುಬ್ರಹ್ಮಣ್ಯನ್.) ಬ್ರಿಟನ್ನಿನ ಕರ್ಡ್ಸ್ ಮತ್ತು ಸಂಗಡಿಗರು 1968ರಲ್ಲಿ ಇಂಥ ಪ್ರಾಣಿಗಳಿಲ್ಲದ ಗಸಿ, ಇರುವ ಗಸಿ ಎರಡನ್ನೂ ಪಕ್ಕಪಕ್ಕ ನಡೆಸಿ ನೋಡಿದರು. ಇಲ್ಲದ ಕಡೆ ನೀರು ಕದಡಿಯೇ ಉಳಿಯಿತು, ಪ್ರಾಣಿಗಳನ್ನು ಬಿಟ್ಟ ಮೇಲೆ ತಿಳಿಯಾಯಿತು. ಬೆಂಗಳೂರಿನವರು ಕಣ್ಣಲ್ಲಿ ಕಂಡು ಹೇಳಿದ್ದಕ್ಕೆ ಇಪ್ಪತ್ತಾರು ವರ್ಷಗಳ ಮೇಲೆ ಸಾಕ್ಷಿ ಸಿಕ್ಕಂತಾಯಿತು.

ಇಲ್ಲಿಗೆ ಒಂದು ಗುಟ್ಟು ಬಯಲಾಯಿತು: ತೊಟ್ಟಿಯ ನೀರು ತಿಳಿಯಾಗಿಸುವವರು ಯಾರು. ಆದರೆ ತಿಳಿಯಾದ ನೀರಿನಲ್ಲಿ ಏನು ಉಳಿಯಿತು? ಗಸಿ ಅಮೋನಿಯವನ್ನು ಎಲ್ಲಿಗೂ ಕಳಿಸಿರಲಿಲ್ಲ, ನೈಟ್ರೇಟ್ ಮಾಡಿ ನೀರಿನಲ್ಲೇ ಇಟ್ಟಿತ್ತು. ರಂಜಕವೂ ಬಹುಮಟ್ಟಿಗೆ ಅಲ್ಲೇ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಂದು ಕಾಗದ ಸುತ್ತಿದ್ದರಿಂದ ಬಾಟಲಿಯೊಳಗೆ ಪಾಚಿ ಬೆಳೆಯಲಿಲ್ಲ ಅಷ್ಟೆ. ಪಾಚಿಗೆ ಬೇಕಾದ ಊಟವೆಲ್ಲ ತಯಾರಾಗಿಯೇ ಇತ್ತು. ಆ ನೀರು ಹೊಳೆಗೆ, ಕೆರೆಗೆ ಬಿದ್ದು ಬಿಸಿಲು ಕಂಡ ಕೂಡಲೇ ಹಸಿರೇಳುತ್ತಿತ್ತು.

ಕೆನಡಾದ ಡೇವಿಡ್ ಶಿಂಡ್ಲರ್ 1973ರಲ್ಲಿ ಇದನ್ನು ಆಕಾಶದಿಂದ ಕಾಣುವಂತೆ ಮಾಡಿ ತೋರಿಸಿದರು. ಒಂಟಾರಿಯೋದ 226 ಎಂಬ ನಂಬರಿನ ಕೆರೆಯ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕ. ರಂಜಕ ಬಿದ್ದ ಪಾಲು ಮಾತ್ರ ದಟ್ಟ ಹಸಿರಾಯಿತು. ಪಾಚಿಗೆ ರಂಜಕ ಬೆರೆತ ಸಾಬೂನಿನ ಪುಡಿ ಕಾರಣವೋ ಅಲ್ಲವೋ ಎಂದು ಸಾಬೂನು ಕಂಪನಿಗಳು ವರ್ಷಗಟ್ಟಲೆ ನಡೆಸಿದ್ದ ವಾದವನ್ನು ವಿಮಾನದಿಂದ ತೆಗೆದ ಆ ಒಂದು ಫೋಟೋ ಬಹುಮಟ್ಟಿಗೆ ಮುಗಿಸಿತು. ಸಮುದ್ರದಲ್ಲಿ ಸಾರಜನಕದ ತೂಕ ಇನ್ನೂ ಹೆಚ್ಚು ಎನ್ನುವುದು ನಿಜ, ಆದರೆ ಮನೆಯ ತೊಟ್ಟಿಯಲ್ಲಿ ಮೀನಿನ ಆಹಾರದಿಂದ ಎರಡೂ ಧಾರಾಳ ಬೀಳುತ್ತವೆ.

ಆ ಕಂದು ಕಾಗದ ಬಿಚ್ಚಿ ಪಾಚಿಯನ್ನೇ ಕೆಲಸಕ್ಕೆ ಹಚ್ಚಿದವರು ವಾಲ್ಟರ್ ಏಡಿ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದ ಇವರಿಗೆ ಪಾಚಿಯೇ ಕಸುಬು. ಕೆರಿಬಿಯನ್ ಹವಳದ ದಿಬ್ಬಗಳ ಮೇಲೆ ಕೆಲಸ ಮಾಡುವಾಗ ಅವರನ್ನು ಕಾಡಿದ್ದು ಇದು: ದಿಬ್ಬದ ಸುತ್ತ ನೀರಿನಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಕಲ್ಲಿನ ಮೇಲಿನ ಗಿಡ್ಡ ಪಾಚಿ ಭಾರೀ ವೇಗದಲ್ಲಿ ಬೆಳೆಯುತ್ತದೆ. ಬೆಳೆದದ್ದು ಕಾಣುವುದಿಲ್ಲ, ಯಾಕೆಂದರೆ ಮೀನು, ಕಡಲಮುಳ್ಳಿ (ಸೀ ಅರ್ಚಿನ್) ಅಷ್ಟೇ ವೇಗದಲ್ಲಿ ಮೇಯುತ್ತವೆ. ಏಡಿ ಅದನ್ನೇ ಯಂತ್ರ ಮಾಡಿದರು. ತೊಟ್ಟಿಯ ನೀರನ್ನು ಪಂಪಿನಿಂದ ಮೇಲೆತ್ತಿ ಒಂದು ಬಾನಿಗೆ ತುಂಬಿಸುವುದು. ತುಂಬಿದ ಬಾನಿ ತಾನೇ ಮಗುಚಿ, ಜಾಳಿಗೆ ಹಾಸಿದ ತಟ್ಟೆಯ ಮೇಲೆ ಅಲೆಯಂತೆ ನೀರು ಚೆಲ್ಲುವುದು. ಮೇಲೆ ಪ್ರಖರ ದೀಪ. ಜಾಳಿಗೆಯ ಮೇಲೆ ಪಾಚಿ ದಪ್ಪಗೆ ಬೆಳೆಯುತ್ತದೆ, ಅದನ್ನು ಆಗಾಗ ಕೆರೆದು ಎಸೆಯುತ್ತಾರೆ. ನೀರಿನಲ್ಲಿದ್ದ ನೈಟ್ರೇಟು, ರಂಜಕ ಆ ಕೆರೆದ ಪಾಚಿಯೊಂದಿಗೇ ತೊಟ್ಟಿಯಿಂದ ಹೊರಬೀಳುತ್ತವೆ. ದೀಪ ಹಚ್ಚುವುದು ರಾತ್ರಿ ಪಾಳಿಯಲ್ಲಿ. ಮುಖ್ಯ ತೊಟ್ಟಿ ಕತ್ತಲಲ್ಲಿರುವಾಗ ಇದು ಆಮ್ಲಜನಕ ಬಿಡುತ್ತದೆ. 1980ರಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಇದರ ಮೇಲೇ ಒಂದು ಜೀವಂತ ಹವಳದ ದಿಬ್ಬ ಜನರಿಗೆ ತೆರೆಯಿತು. 1982ರಲ್ಲಿ ಏಡಿಗೆ ಪೇಟೆಂಟ್ ಸಿಕ್ಕಿತು. ಐದು ವರ್ಷಗಳ ಮೇಲೆ ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ ಕಟ್ಟಿದ ದೈತ್ಯ ಹವಳ ತೊಟ್ಟಿಯೂ ಇದೇ ಉಪಾಯ ಹಿಡಿಯಿತು. ದೋಷವಿಲ್ಲದ ವಿದ್ಯೆಯೇನಲ್ಲ, ಪಾಚಿ ಬಿಡುವ ಬಣ್ಣದಿಂದ ನೀರು ಹಳದಿಗೆ ತಿರುಗುವುದುಂಟು. ಆದರೂ ತೊಟ್ಟಿಯ ಕೆಳಗೆ ಬೇರೆ ಪೆಟ್ಟಿಗೆಯಲ್ಲಿ ಪಾಚಿ ಬೆಳೆಸುವ ಈಗಿನ ಅಭ್ಯಾಸಕ್ಕೆ ಬಲ ಬಂದದ್ದು ಏಡಿಯಿಂದ.

ಮೇಯುವವರು ಇಲ್ಲವಾದರೆ ಏನಾಗುತ್ತದೆಂದು ಅದೇ ಹೊತ್ತಿಗೆ ಕೆರಿಬಿಯನ್ ಸಮುದ್ರವೇ ತೋರಿಸಿತು. 1983ರಲ್ಲಿ ಪನಾಮಾ ಕಡೆಯಿಂದ ಹಬ್ಬಿದ ರೋಗಕ್ಕೆ ಉದ್ದ ಮುಳ್ಳಿನ ಕರಿ ಕಡಲಮುಳ್ಳಿಗಳು ಸಾಮೂಹಿಕವಾಗಿ ಸತ್ತವು. ಜಮೈಕಾದ ದಿಬ್ಬಗಳಲ್ಲಿ 1977ರಲ್ಲಿ ಶೇ. 52ರಷ್ಟಿದ್ದ ಹವಳ 1993ಕ್ಕೆ ಶೇ. 3ಕ್ಕೆ ಇಳಿಯಿತು, ಶೇ. 4ರಷ್ಟಿದ್ದ ಪಾಚಿ ಶೇ. 92ಕ್ಕೆ ಏರಿತು. ಚಂಡಮಾರುತ, ಮಿತಿಮೀರಿದ ಮೀನುಗಾರಿಕೆಯ ಪಾಲೂ ಅದರಲ್ಲಿದೆ.

ಜಾವಾದ ಲೀ ಚಿನ್ ಎಂಗ್ ಅವರನ್ನೂ ಬಿಡುವಂತಿಲ್ಲ. ಯಂತ್ರದ ಫಿಲ್ಟರುಗಳನ್ನೇ ದೂರವಿಟ್ಟು, ಸಮುದ್ರದಿಂದ ತಂದ ಜೀವ ತುಂಬಿದ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ ಇಷ್ಟರಿಂದಲೇ ಅವರು ಹವಳ ಬದುಕಿಸಿ 1961ರಲ್ಲಿ ಬರೆದರು. ಕಲ್ಲಿನ ಒಳಗಿನ ಸಂದುಗಳಲ್ಲಿ ಆಮ್ಲಜನಕ ತಲುಪದ ಕಡೆ ಇರುವ ಬ್ಯಾಕ್ಟೀರಿಯ ನೈಟ್ರೇಟನ್ನು ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಬೇರೆ ಹವ್ಯಾಸಿಗಳಿಗೆ ಈ ಕಲ್ಲಿನ ಪದ್ಧತಿ ರೂಢಿಯಾಗಲು ಇಪ್ಪತ್ತು ವರ್ಷವಾದರೂ ಹಿಡಿಯಿತು.

ಇಷ್ಟೆಲ್ಲ ಆದ ಮೇಲೂ ಅಮೋನಿಯ ತಿನ್ನುವವರು ಯಾರೆಂಬ ಪಟ್ಟಿ ಪೂರ್ತಿಯಾಗಿರಲಿಲ್ಲ. 2005ರಲ್ಲಿ ಸಿಯಾಟಲ್ ಅಕ್ವೇರಿಯಮ್ಮಿನ ಒಂದು ಉಷ್ಣವಲಯದ ಸಮುದ್ರ ತೊಟ್ಟಿಯ ಜಲ್ಲಿಯಿಂದ ನೈಟ್ರೊಸೊಪ್ಯುಮಿಲಸ್ ಎಂಬ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯವೇ ಅಲ್ಲ, ಆರ್ಕಿಯ ಎಂಬ ಬೇರೆಯೇ ವಂಶ. ಅದರ ಬಳಗ ಸಾಗರಗಳ ತುಂಬ ಇದೆ. ಇಡೀ ಸಮುದ್ರದಲ್ಲಿ ಹುಡುಕಿದ್ದು ಮೀನಿನ ತೊಟ್ಟಿಯ ತಳದಲ್ಲಿ ಕೈಗೆ ಸಿಕ್ಕಿತು.

ಹಾಗಾದರೆ ಹತ್ತರಗಿಯಲ್ಲಿ ತೊಟ್ಟಿ ಇಟ್ಟವರು ಹುಡುಕಬೇಕಾದ್ದು ದೀಪದ ಸ್ವಿಚ್ಚನ್ನಲ್ಲ, ನೀರಿನ ಮೂಲವನ್ನು. ಹುಕ್ಕೇರಿ, ಗೋಕಾಕ, ಮೂಡಲಗಿ ಸುತ್ತ ಕಬ್ಬೇ ಕಬ್ಬು. ಕಬ್ಬಿಗೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೂ ನಮ್ಮ ಮಾನಕ ಒಪ್ಪುತ್ತದೆ. ಮನುಷ್ಯರಿಗೆ ಸರಿಯಾದ ಆ ನೀರಿನಲ್ಲಿ ಉಪ್ಪು ಕರಗಿಸಿದರೆ ಮೀನು ಬಿಡುವ ಮೊದಲೇ ಪಾಚಿಗೆ ಬಡಿಸಿಟ್ಟಂತೆ. ಮಾಡಬೇಕಾದ್ದು ಇಷ್ಟು: ಆರ್‌ಓ ನೀರಿನಿಂದ ಶುರು ಮಾಡುವುದು, ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಅದ್ದಿ ಹಿಂಡುವುದು, ಟರ್ಬೋ ಬಸವನಹುಳುಗಳನ್ನು ಮೇಯಲು ಬಿಡುವುದು. ಪಾಚಿ ತುಂಬಿದ ತೊಟ್ಟಿಯಲ್ಲಿ ಪರೀಕ್ಷೆಯ ಕಿಟ್ ಫಾಸ್ಫೇಟ್ (ರಂಜಕ) ಸೊನ್ನೆ ಎಂದು ತೋರಿಸಿದರೆ ನಂಬಿ ಕೂರಬಾರದು, ನೀರಿನಲ್ಲಿದ್ದುದನ್ನು ಪಾಚಿ ಆಗಲೇ ತಿಂದಿರುತ್ತದೆ. ನೈಟ್ರೇಟಿಗೆ ಅನಿಲವಾಗಿ ಹಾರಿಹೋಗುವ ದಾರಿಯಾದರೂ ಇದೆ, ರಂಜಕಕ್ಕೆ ಅದೂ ಇಲ್ಲ. ನೀರು ಬದಲಿಸಿ ತೆಗೆಯಬೇಕು, ಕಬ್ಬಿಣದ ಆಕ್ಸೈಡಿನ ಹರಳಿಗೆ ಅಂಟಿಸಿ ತೆಗೆಯಬೇಕು, ಇಲ್ಲವೇ ಬೆಳೆದ ಪಾಚಿಯನ್ನು ಹಲ್ಲುಜ್ಜುವ ಹಳೆ ಬ್ರಷ್ಷಿಗೆ ಸುತ್ತಿ ಎಳೆದು, ತುಂಡುಗಳು ತೇಲಿಹೋಗುವ ಮುಂಚೆ ಪೈಪಿನಿಂದ ಹೀರಿ, ಬಕೆಟ್ಟಿಗೆ ಹಾಕಬೇಕು.