ಮಕ್ಕಳ ದೇಹಸಾಮರ್ಥ್ಯ: ಅದನ್ನು ಅಳೆಯುವ ಬಗೆ

ಮಂಡ್ಯದ ಸೀಮೆಯಲ್ಲಿ ಶಾಲೆಯ ಮಕ್ಕಳ ಅಂಗಸಾಧನೆಯ ಮಾತೆತ್ತಿದರೆ ಹಿರಿಯರು ನಕ್ಕುಬಿಡುವುದುಂಟು. ‘ನಮ್ಮ ಹೈಕಳಿಗೆ ಅದ್ಯಾಕೆ ಸ್ವಾಮಿ? ಗದ್ದೆ ಐತೆ, ದನ ಐತೆ. ನಾಲೇಲಿ ಈಜ್ತವೆ, ಮುದ್ದೆ ಉಣ್ತವೆ’ ಎಂಬುದು ಅವರ ಉತ್ತರ. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕಬ್ಬಿನ ಹೊರೆಯನ್ನೆತ್ತಿ ಗಾಡಿಗೆ ಹಾಕುವ ಹುಡುಗನ ತೋಳಿನಲ್ಲಿ ಕಸುವಿರುತ್ತದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳಿಗೆ ಬರುವ ಮಕ್ಕಳೆಲ್ಲರೂ ಇಂದು ಹೊರೆ ಎತ್ತುವವರಲ್ಲ. ಮೂರು ನಾಲ್ಕು ಮೈಲಿ ನಡೆದು ಪ್ರೌಢಶಾಲೆ ಸೇರುತ್ತಿದ್ದ ಕಾಲವೊಂದಿತ್ತು, ಬಸ್ಸು ಬಂದಿತು, 2006-07ರಿಂದ ಹಲವು ವರ್ಷಗಳವರೆಗೆ ಸರ್ಕಾರವೇ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲನ್ನು ಕೊಟ್ಟಿತು, ಈಗ ಪಟ್ಟಣದ ಮಗುವನ್ನು ವ್ಯಾನು ಮನೆಯ ಬಾಗಿಲಿನಿಂದಲೇ ಕರೆದೊಯ್ಯುತ್ತದೆ. ಸಂಜೆಯ ವೇಳೆಯನ್ನು ಮನೆಪಾಠವೂ ಮೊಬೈಲು ಫೋನೂ ಹಂಚಿಕೊಂಡಿವೆ. ಹಾಗಾದರೆ ನಮ್ಮ ಮಕ್ಕಳು ಗಟ್ಟಿಯಾಗಿದ್ದಾರೆಯೋ ಇಲ್ಲವೋ? ಜಗಲಿಯ ಮೇಲೆ ಕುಳಿತು ಎಷ್ಟು ವಾದಿಸಿದರೂ ಇದು ಇತ್ಯರ್ಥವಾಗದು. ಅಳೆದೇ ನೋಡಬೇಕು.

ಅಳೆಯುವುದು ಏನನ್ನು ಎಂಬುದೇ ಮೊದಲ ತೊಡಕು. ದೇಹಸಾಮರ್ಥ್ಯವೆಂಬುದು ಎತ್ತರ ತೂಕಗಳಂತೆ ಒಂದೇ ಒಂದು ಗುಣವಲ್ಲ. ಗರಡಿಮನೆಯ ಪೈಲ್ವಾನನು ಐದು ಮಣದ ಕಲ್ಲನ್ನೆತ್ತಿಯಾನು, ಆದರೆ ಒಂದು ಮೈಲಿ ಓಡಿದರೆ ಏದುಸಿರು ಬಿಟ್ಟಾನು. ಸ್ನಾಯುಗಳ ಬಲ, ಅವುಗಳ ತಾಳಿಕೆ, ಕೀಲುಗಳ ಬಾಗುವಿಕೆ, ಓಟದ ವೇಗ, ಗುಂಡಿಗೆ ಮತ್ತು ಶ್ವಾಸಕೋಶಗಳ ದಮ್ಮು, ಇವೆಲ್ಲವೂ ಬೇರೆ ಬೇರೆ. 2019ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಆಂದೋಲನವು ಆರಂಭವಾಯಿತಷ್ಟೆ. ಆ ವರ್ಷಗಳಲ್ಲಿ ‘ಖೇಲೋ ಇಂಡಿಯಾ’ ಯೋಜನೆಯು ನಾಲ್ಕನೆಯ ತರಗತಿಯಿಂದ ಹನ್ನೆರಡನೆಯವರೆಗಿನ ವಿದ್ಯಾರ್ಥಿಗಳಿಗೆ ಗೊತ್ತುಪಡಿಸಿದ ಪರೀಕ್ಷೆಗಳಲ್ಲಿ 50 ಮೀಟರ್ ಓಟವೂ ಇದೆ, 600 ಮೀಟರ್ ಓಟವೂ ಇದೆ. ಎರಡೂ ಓಟವೇ ಆಗಿರುವಾಗ ಎರಡೇಕೆ ಎಂದು ವಾಚಕರು ಕೇಳಬಹುದು. ಇದರ ಉತ್ತರವು ಸ್ನಾಯುವಿನೊಳಗಿದೆ.

ಸ್ನಾಯುವು ಸಂಕೋಚಿಸಲು ಬೇಕಾದ ಶಕ್ತಿ ದೊರೆಯುವುದು ಎ.ಟಿ.ಪಿ. ಎಂಬ ಸಂಯುಕ್ತದಿಂದ. ಇದರ ದಾಸ್ತಾನು ಬಹಳ ಅಲ್ಪ. ವೆಚ್ಚವಾದ ಹಾಗೆಲ್ಲ ಮತ್ತೆ ತಯಾರಾಗುತ್ತಿರಬೇಕು. ಓಟದ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿನಲ್ಲಿಯೇ ಕೂಡಿಟ್ಟಿರುವ ಕ್ರಿಯೇಟಿನ್ ಫಾಸ್ಫೇಟು ಈ ಕೆಲಸವನ್ನು ನಡೆಸುತ್ತದೆ. ಅದಕ್ಕೆ ಆಮ್ಲಜನಕ ಬೇಕಿಲ್ಲ. ಐವತ್ತು ಮೀಟರ್ ಓಟವು ಎಂಟು ಹತ್ತು ಸೆಕೆಂಡುಗಳಲ್ಲಿ ಮುಗಿಯುವುದರಿಂದ ಬಹುಮಟ್ಟಿಗೆ ಈ ಕೈಗಡದಲ್ಲಿಯೇ ನಡೆದುಹೋಗುತ್ತದೆ. ಎರಡು ಮೂರು ನಿಮಿಷ ಹಿಡಿಯುವ 600 ಮೀಟರ್ ಓಟವು ಹಾಗಲ್ಲ. ಅಲ್ಲಿ ಶ್ವಾಸಕೋಶವು ಆಮ್ಲಜನಕವನ್ನು ಹೀರಬೇಕು, ರಕ್ತದ ಹಿಮೋಗ್ಲೋಬಿನ್ ಅದನ್ನು ಹೊರಬೇಕು, ಗುಂಡಿಗೆಯು ಆ ರಕ್ತವನ್ನು ಕಾಲುಗಳಿಗೆ ತಳ್ಳಬೇಕು. ಮೊದಲನೆಯದು ಕೈಯಲ್ಲಿರುವ ಕಾಸಿನ ಪರೀಕ್ಷೆ. ಎರಡನೆಯದು ಸಂಪಾದನೆಯ ಪರೀಕ್ಷೆ.

ಈ ಸಂಪಾದನೆಯನ್ನು ಓಡಿಸದೆಯೇ ಅಳೆಯುವ ಉಪಾಯವೊಂದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಸಿಯನ್ ಬ್ರೂಹಾ ಮತ್ತು ಆತನ ಸಂಗಡಿಗರು ತರುಣರಿಗಾಗಿ ರೂಪಿಸಿದ ಮೆಟ್ಟಿಲು ಪರೀಕ್ಷೆ ಅದು. 20 ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಬಾರಿಯಂತೆ ಐದು ನಿಮಿಷ ಹತ್ತಿ ಇಳಿಯಬೇಕು, ಬಳಿಕ ಕುಳಿತುಬಿಡಬೇಕು. ಕುಳಿತ ಮೇಲೆ ಒಂದನೆಯ, ಎರಡನೆಯ ಮತ್ತು ಮೂರನೆಯ ನಿಮಿಷಗಳು ತುಂಬಿದೊಡನೆ ಅರ್ಧರ್ಧ ನಿಮಿಷ ನಾಡಿಯನ್ನು ಎಣಿಸಬೇಕು. ಶಾಲೆಯ ಮಕ್ಕಳಿಗಾಗಿ ಎತ್ತರವನ್ನೂ ಅವಧಿಯನ್ನೂ ಮುಂದೆ ತಗ್ಗಿಸಲಾಯಿತು. ಇಲ್ಲಿ ನಾವು ಗಮನಿಸುವುದು ದುಡಿಮೆಯ ಹೊತ್ತಿನ ನಾಡಿಯನ್ನಲ್ಲ, ದುಡಿಮೆ ನಿಂತ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆಂಬುದನ್ನು. ಸಾಧನೆಯಿಂದ ಪಳಗಿದ ಗುಂಡಿಗೆಯು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆದುದರಿಂದ ಅಷ್ಟೇ ಕೆಲಸವನ್ನು ಕಡಿಮೆ ಬಡಿತಗಳಲ್ಲಿ ಮುಗಿಸಿ ಬೇಗನೆ ಸುಧಾರಿಸಿಕೊಳ್ಳುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಬ್ಬ ಹುಡುಗನು ನಾಲ್ಕು ನಿಮಿಷ, ಅಂದರೆ 240 ಸೆಕೆಂಡು, ಹತ್ತಿ ಇಳಿದನೆಂದುಕೊಳ್ಳಿ. ಮೂರು ಬಾರಿ ಎಣಿಸಿದ ನಾಡಿಬಡಿತಗಳು 74, 62, 56, ಮೊತ್ತ 192. ಸೆಕೆಂಡುಗಳನ್ನು ನೂರರಿಂದ ಗುಣಿಸಿ, ಈ ಮೊತ್ತದ ಇಮ್ಮಡಿಯಿಂದ ಭಾಗಿಸಬೇಕು: 24,000ವನ್ನು 384ರಿಂದ ಭಾಗಿಸಿದರೆ 62.5. ಎರಡು ತಿಂಗಳ ಅಂಗಸಾಧನೆಯ ತರುವಾಯ ಅದೇ ಹುಡುಗನ ಬಡಿತಗಳು 62, 52, 46 ಎಂದಾದರೆ ಮೊತ್ತ 160, ಅಂಕ 75. ಗಡಿಯಾರವೊಂದನ್ನುಳಿದು ಯಾವ ಯಂತ್ರವೂ ಬೇಕಿಲ್ಲ.

ಅಂಕವೇರಿತು, ಅಂಗಸಾಧನೆಯೇ ಕಾರಣ ಎಂದು ಹಿಗ್ಗುವ ಮೊದಲು ತುಸು ತಡೆಯಬೇಕು. ಎರಡು ತಿಂಗಳಲ್ಲಿ ಹುಡುಗನು ಬೆಳೆದಿದ್ದಾನೆ. ಕಾಲು ಉದ್ದವಾದರೆ ಮೆಟ್ಟಿಲು ತಾನಾಗಿ ಗಿಡ್ಡವಾಗುತ್ತದೆ. ಮೊದಲ ಬಾರಿ ತಾಳ ತಪ್ಪಿ ದಣಿದವನು ಎರಡನೆಯ ಬಾರಿ ಹದವನ್ನರಿತು ಹತ್ತುತ್ತಾನೆ. ಮೊದಲ ಪರೀಕ್ಷೆ ಮಾರ್ಚಿ ತಿಂಗಳ ಉರಿಬಿಸಿಲಿನಲ್ಲಿ, ಎರಡನೆಯದು ಮಳೆಬಿದ್ದ ಮೇಲಿನ ತಂಪಿನಲ್ಲಿ ನಡೆದಿದ್ದರಂತೂ ನಾಡಿ ಇಳಿದದ್ದಕ್ಕೆ ಹವೆಯೂ ಕಾರಣವಾದೀತು. ಇವನ್ನೆಲ್ಲ ಬೇರ್ಪಡಿಸಲು ಒಂದೇ ಮಾರ್ಗವಿದೆ: ಅಂಗಸಾಧನೆ ಮಾಡದ ಮಕ್ಕಳ ತಂಡವೊಂದನ್ನು ಅದೇ ದಿನ, ಅದೇ ಮೆಟ್ಟಿಲಿನ ಮೇಲೆ, ಎರಡು ಬಾರಿಯೂ ಅಳೆಯುವುದು. ಬೆಳವಣಿಗೆ, ಅಭ್ಯಾಸ, ಹವೆ ಇವು ಮೂರೂ ಎರಡು ತಂಡಗಳಿಗೂ ಸಮಾನ. ಆ ಮಕ್ಕಳ ಅಂಕವೂ ಹತ್ತು ಏರಿದ್ದರೆ ನಮ್ಮ ಹುಡುಗನ ಹನ್ನೆರಡೂವರೆಯಲ್ಲಿ ಅಂಗಸಾಧನೆಯ ಪಾಲು ಎರಡೂವರೆ ಮಾತ್ರ.

ತಂಡಗಳನ್ನು ಹೇಗೆ ಮಾಡಬೇಕು? ಮಂಡ್ಯದ ಮಕ್ಕಳಿಗೆ ಅಂಗಸಾಧನೆ ಕಲಿಸಿ ಮಳವಳ್ಳಿಯ ಮಕ್ಕಳನ್ನು ಸುಮ್ಮನೆ ಬಿಟ್ಟು ಹೋಲಿಸೋಣವೆಂದರೆ ಕೆಟ್ಟಿತು. ಮಂಡ್ಯ ಮದ್ದೂರುಗಳು ಬೆಂಗಳೂರು-ಮೈಸೂರು ರೈಲುದಾರಿಯ ಮೇಲಿನ ಊರುಗಳು, ಮಳವಳ್ಳಿಗೆ ರೈಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಹಳ್ಳಿಗಳೂ ಮಳೆಯನ್ನೇ ನಂಬಿದ ಹಳ್ಳಿಗಳೂ ಈ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಊಟ, ದುಡಿಮೆ, ಶಾಲೆಯ ದೂರ ಎಲ್ಲವೂ ಊರಿಂದೂರಿಗೆ ಬದಲಾಗುವುದರಿಂದ ನಾವು ಅಳೆದದ್ದು ಅಂಗಸಾಧನೆಯನ್ನೋ ಊರನ್ನೋ ಎಂದು ತಿಳಿಯದೆ ಹೋದೀತು. ಮೂರು ಊರುಗಳಲ್ಲಿಯೂ, ಒಂದೊಂದು ಶಾಲೆಯಲ್ಲಿಯೂ, ಚೀಟಿ ಎತ್ತಿ ಮಕ್ಕಳನ್ನು ಎರಡು ಪಾಲು ಮಾಡುವುದೇ ಸರಿಯಾದ ಕ್ರಮ. ಆಸಕ್ತಿಯಿದ್ದವರು ಈ ಕಡೆ ಬನ್ನಿ ಎಂದು ಕರೆಯಲೂ ಆಗದು. ಆಟದಲ್ಲಿ ಮುಂದಿರುವವರೇ ಮೊದಲು ಓಡಿಬರುತ್ತಾರೆ.

ಅಂಕಿಗಳನ್ನು ಓದುವಲ್ಲಿ ಎಂಥ ಎಡವಟ್ಟು ಸಾಧ್ಯವೆಂಬುದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. 1950ರ ದಶಕದಲ್ಲಿ ಹ್ಯಾನ್ಸ್ ಕ್ರಾಸ್ ಎಂಬ ವೈದ್ಯನೂ ಆತನ ಸಹೋದ್ಯೋಗಿಗಳೂ ಆರು ಸರಳ ಚಲನೆಗಳಿಂದ ಅಮೆರಿಕದ ಮತ್ತು ಯೂರೋಪಿನ ಮಕ್ಕಳನ್ನು ಪರೀಕ್ಷಿಸಿದರು. ಆಸ್ಟ್ರಿಯ, ಇಟಲಿ, ಸ್ವಿಟ್ಸರ್ಲೆಂಡುಗಳ ಮಕ್ಕಳಲ್ಲಿ ಸೋತವರು ನೂರಕ್ಕೆ 9ರಷ್ಟು. ಅಮೆರಿಕದ ಮಕ್ಕಳಲ್ಲಿ 58ರಷ್ಟು! ದೇಶವೇ ಗಾಬರಿಗೊಂಡಿತು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಇದಕ್ಕಾಗಿಯೇ ಒಂದು ಮಂಡಳಿಯನ್ನು ನೇಮಿಸಿದರು. ಆದರೆ ಆರರಲ್ಲಿ ಒಂದು ಚಲನೆ ತಪ್ಪಿದರೂ ಇಡೀ ಪರೀಕ್ಷೆಯಲ್ಲಿ ಸೋತಂತೆ ಎಂಬುದು ಅದರ ನಿಯಮ; ಮಂಡಿ ಬಗ್ಗಿಸದೆ ಬೆರಳಿನಿಂದ ನೆಲ ಮುಟ್ಟುವ ಒಂದೇ ಚಲನೆಯಲ್ಲಿ ಬಹಳ ಮಂದಿ ತಪ್ಪಿದ್ದರು. ಗುಂಡಿಗೆಯ ಕಸುವನ್ನಾಗಲಿ ಓಟವನ್ನಾಗಲಿ ಆ ಪರೀಕ್ಷೆ ಅಳೆದೇ ಇರಲಿಲ್ಲ. ನಮ್ಮ ದೇಶದಲ್ಲಿಯೂ 1959-60ರಲ್ಲಿ ರಾಷ್ಟ್ರೀಯ ದೈಹಿಕ ಸಾಮರ್ಥ್ಯದ ಆಂದೋಲನವು ಆರಂಭವಾಯಿತು. ಓಟ, ನೆಗೆತ ಮೊದಲಾದವುಗಳಲ್ಲಿ ಗೊತ್ತಾದ ಮಟ್ಟವನ್ನು ಮುಟ್ಟಿದವರಿಗೆ ಮನ್ನಣೆ ದೊರೆಯುತ್ತಿತ್ತು. ಮಟ್ಟ ಮುಟ್ಟಿದವರು ಬೀಗುತ್ತಾರೆ, ಸರಿ. ಮುಟ್ಟದವರಿಗೆ ಏನು ಹೇಳಬೇಕು?

ಇದು ಬರಿಯ ಮನಸ್ಸಿನ ನೋವಿನ ಪ್ರಶ್ನೆಯಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ನಿಮಿಷಕ್ಕೇ ಮೆಟ್ಟಿಲಿಂದಿಳಿದು ಕುಳಿತುಬಿಡುತ್ತಾಳೆಂದು ಭಾವಿಸಿ. ಸೋಮಾರಿ ಎಂದು ಗದರಿಸುವುದು ಸುಲಭ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅಂಥವಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಕಡಿಮೆ. ಹೊರುವವರು ಕಡಿಮೆಯಾದುದರಿಂದ ಗುಂಡಿಗೆಯು ರಕ್ತವನ್ನು ಹೆಚ್ಚು ಬಾರಿ ತಿರುಗಿಸಬೇಕಾಗುತ್ತದೆ, ನಾಡಿ ಬೇಗ ಏರುತ್ತದೆ, ಇಳಿಯಲು ತಡವಾಗುತ್ತದೆ. ಅವಳಿಗೆ ಮೊದಲು ಬೇಕಾದುದು ಬಸ್ಕಿಯಲ್ಲ. ರಕ್ತಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಸೊಪ್ಪು ಕಾಳುಗಳ ಊಟ. ಹೀಗೆ ನೋಡಿದರೆ ಮೆಟ್ಟಿಲು ಪರೀಕ್ಷೆಯ ಕೆಳಗಿನ ಅಂಕವು ಮೇಲಿನ ಅಂಕಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಗೆದ್ದವರ ಪಟ್ಟಿಯನ್ನು ಫಲಕಕ್ಕೆ ಅಂಟಿಸಿ ಸೋತವರ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕುವ ಶಾಲೆಯು ಪರೀಕ್ಷೆಯ ಫಲವನ್ನೆಲ್ಲ ಚೆಲ್ಲಿದಂತೆ.

ಬಸ್ಕಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಗರಡಿಮನೆಗಳು ನಮಗೆ ಕೊಟ್ಟ ಅತ್ಯುತ್ತಮವಾದ ಸಾಧನೆಗಳಲ್ಲಿ ಬಸ್ಕಿಯೂ ಒಂದು. ತೊಡೆಯ ದೊಡ್ಡ ಸ್ನಾಯುಗಳಿಗೆ ಅದಕ್ಕಿಂತ ಸರಳವಾದ ಕೆಲಸವಿಲ್ಲ. ಅದನ್ನು ನಮ್ಮ ಶಾಲೆಗಳು ಮನೆಗೆಲಸ ತಾರದವರಿಗೆ ಶಿಕ್ಷೆಯನ್ನಾಗಿ ಮಾಡಿಬಿಟ್ಟವು. ಶಿಕ್ಷೆಯಾಗಿ ಕಲಿತದ್ದನ್ನು ಯಾವ ಮಗು ತಾನಾಗಿ ಮಾಡೀತು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ 5ರಿಂದ 17 ವರ್ಷದವರಿಗೆ ದಿನವೊಂದಕ್ಕೆ ಸರಾಸರಿ 60 ನಿಮಿಷಗಳ, ಉಸಿರು ಏರುವಂಥ ಚಟುವಟಿಕೆ ಬೇಕು. ವಾರಕ್ಕೆ ಮೂರು ದಿನವಾದರೂ ಸ್ನಾಯು ಮೂಳೆಗಳನ್ನು ಬಲಪಡಿಸುವ ಸಾಧನೆಯಿರಬೇಕು. ಈ ಅರವತ್ತು ನಿಮಿಷ ಒಂದೇ ಸಲ ಆಗಬೇಕಿಲ್ಲ. ಖೊಖೊ, ಕಬಡ್ಡಿ, ಲಗೋರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಗ್ಗದಾಟವೂ ಕುಂಟೆಬಿಲ್ಲೆಯೂ ಮೂಳೆಗೆ ಬಲ ಕೊಡುತ್ತವೆ. ಪ್ರೌಢಶಾಲೆಗೆ ಕಾಲಿಟ್ಟೊಡನೆ ಹುಡುಗಿಯರು ಕುಂಟೆಬಿಲ್ಲೆಯನ್ನು ಬಿಟ್ಟು ಬಿಡುತ್ತಾರೆ. ಅದರ ಬದಲಿಗೆ ಅವರಿಗೆ ಬೇರೆ ಆಟವನ್ನು ಕೊಡುವವರು ವಿರಳ. ಸಾಧನೆಯನ್ನು ಮೆಲ್ಲಮೆಲ್ಲನೆ ಏರಿಸಬೇಕೆಂಬುದನ್ನು ಮಾತ್ರ ಮರೆಯಬಾರದು: ಮೊದಲ ವಾರ ಒಂದು ಸುತ್ತು ಓಟ ಒಂದು ಸುತ್ತು ನಡಿಗೆ, ಮುಂದಿನ ವಾರಗಳಲ್ಲಿ ನಡಿಗೆಯನ್ನು ಕಡಿಮೆ ಮಾಡುತ್ತ ಹೋಗುವುದು. ವಯಸ್ಸನ್ನು 220ರಿಂದ ಕಳೆದು ನಾಡಿಯ ಮಿತಿಯನ್ನು ಹೇಳುವ ಸೂತ್ರವು ದೊಡ್ಡವರಿಗಾಗಿ ಮಾಡಿದ್ದು. ಮಕ್ಕಳ ಗರಿಷ್ಠ ನಾಡಿಯು ಹದಿಹರೆಯದವರೆಗೂ 200ರ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ಅದನ್ನು ಶಾಲೆಗೆ ತರುವುದು ಬೇಡ.

ಮೆಟ್ಟಿಲು ಪರೀಕ್ಷೆಯನ್ನು ತಮ್ಮ ಶಾಲೆಯಲ್ಲಿ ನಡೆಸಬಯಸುವವರು ದೈಹಿಕ ಶಿಕ್ಷಣದ ಉಪಾಧ್ಯಾಯರ ಎದುರಿನಲ್ಲಿಯೇ ನಡೆಸಬೇಕು. ಗುಂಡಿಗೆಯ ಕಾಯಿಲೆಯಿರುವವರನ್ನೂ ಈಚೆಗೆ ಜ್ವರದಿಂದ ಎದ್ದವರನ್ನೂ ಸೇರಿಸಿಕೊಳ್ಳಬಾರದು. ಎದೆನೋವೋ ತಲೆಸುತ್ತೋ ಬಂದರೆ ಕೂಡಲೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಧ್ಯಾಹ್ನದ ಊಟವಾದೊಡನೆ ಬೇಡ, ಬೆಳಗಿನ ಹೊತ್ತು ಉತ್ತಮ. ಎರಡು ಸೆಕೆಂಡಿಗೊಮ್ಮೆ ‘ಮೇಲೆ, ಮೇಲೆ, ಕೆಳಗೆ, ಕೆಳಗೆ’ ಎಂದು ಒಬ್ಬರು ತಾಳ ಹಾಕಿದರೆ ನಿಮಿಷಕ್ಕೆ ಮೂವತ್ತು ತಾನಾಗಿ ಬರುತ್ತದೆ. ನಾಡಿಯನ್ನು ಹೆಬ್ಬೆರಳಿನಿಂದ ಎಣಿಸಬಾರದು, ಎಣಿಸುವವನ ಬೆರಳಿನ ನಾಡಿಯೇ ಸೇರಿಕೊಂಡೀತು. ಮೆಟ್ಟಿಲನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು. ಮಗು ಹತ್ತಿ ನಿಂತಾಗ ಹಲಗೆ ಅಲುಗದಿದ್ದರೆ ಸರಿ.