ಕೊಟ್ಟಿಗೆಯ ವಾಸನೆ, ನೆರೆಮನೆಯ ಉಸಿರು

ಹೈನುಗಾರಿಕೆಯು ನಮ್ಮ ಗ್ರಾಮಗಳ ಅನೇಕ ಕುಟುಂಬಗಳಿಗೆ ಅನ್ನ ನೀಡುವ ವೃತ್ತಿ. ಹಿಂದೆ ಊರಂಚಿನಲ್ಲಿದ್ದ ಕೊಟ್ಟಿಗೆಗಳ ಮಗ್ಗುಲಲ್ಲೇ ಇಂದು ಹೊಸ ಮನೆಗಳು ಎದ್ದಿವೆ. ಇದರಿಂದ ದುರ್ವಾಸನೆಯ ತೊಂದರೆಯೂ ನೆರೆಹೊರೆಯ ಮನಸ್ತಾಪವೂ ಬೆಳೆಯುತ್ತಿವೆ.

ಕೆಲವು ವರ್ಷಗಳ ಹಿಂದೆ ಉಬ್ಬಸದಿಂದ ಬಳಲುತ್ತಿದ್ದ ಬಾಲಕನೊಬ್ಬನನ್ನು ನಮ್ಮಲ್ಲಿಗೆ ಕರೆತಂದಿದ್ದರು. ಅಜ್ಜಿಯ ಊರಿನಲ್ಲಿದ್ದಾಗ ಇಳಿಯುತ್ತಿದ್ದ ಉಬ್ಬಸವು ಮನೆಗೆ ಮರಳಿದೊಡನೆ ಕೆರಳುತ್ತಿತ್ತು. ನಾವೇ ಹೋಗಿ ನೋಡಿದೆವು. ಅವನು ಮಲಗುವ ಕೋಣೆಯ ಕಿಟಕಿಗೆ ಎದುರಾಗಿಯೇ ನೆರೆಯವರ ಕೊಟ್ಟಿಗೆ. ವಾಸನೆ ಅಡಗಲೆಂದು ಅವರು ಸುಣ್ಣ, ಬ್ಲೀಚಿಂಗ್ ಪುಡಿ ಎರಚುತ್ತಿದ್ದರು. ಇವರು ಮನೆಯೊಳಗೆ ಹೊತ್ತು ಹೊತ್ತಿಗೂ ಧೂಪ ಹಾಕುತ್ತಿದ್ದರು. ಎರಡು ಮನೆಗಳ ನಡುವೆ ಮಾತು ನಿಂತು ವರ್ಷವಾಗಿತ್ತು.

ಇಬ್ಬರ ಉದ್ದೇಶವೂ ಒಳ್ಳೆಯದೇ. ಉಪಾಯ ಮಾತ್ರ ತಪ್ಪು. ಗಂಜಲವು ಸಗಣಿಯೊಡನೆ ಬೆರೆತಾಗ, ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ಗಂಜಲದ ಯೂರಿಯಾವನ್ನು ಒಡೆಯುವುದರಿಂದ ಅಮೋನಿಯಾ ಅನಿಲ ಹುಟ್ಟುತ್ತದೆ. ಕಣ್ಣು, ಮೂಗು, ಶ್ವಾಸನಾಳಗಳನ್ನು ಕೆರಳಿಸುವ ಘಾಟು ಇದೇ. ಹಸಿನೆಲಕ್ಕೆ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಹಾಕಿದರೆ ಅವುಗಳ ಕ್ಷಾರಗುಣದಿಂದ ಅಮೋನಿಯಾ ಮತ್ತಷ್ಟು ಏಳುತ್ತದೆ. ಬ್ಲೀಚಿಂಗ್ ಪುಡಿಯು ಅದರೊಡನೆ ಸೇರಿದರೆ ಶ್ವಾಸಕೋಶಕ್ಕೆ ಹಾನಿಕರವಾದ ಅನಿಲಗಳುಂಟಾಗುತ್ತವೆ. ಇನ್ನು ಧೂಪದ ಹೊಗೆ: ಶ್ವಾಸರೋಗದ ಕಾರಣಗಳಲ್ಲಿ ಧೂಳು ಮತ್ತು ಹೊಗೆಗಳನ್ನು ಚರಕ ಸಂಹಿತೆಯೇ ಎಣಿಸಿದೆ.

ಆದುದರಿಂದ ವಾಸನೆಯನ್ನು ಮುಚ್ಚುವುದಲ್ಲ, ಅದು ಹುಟ್ಟದಂತೆ ನೋಡುವುದೇ ಸರಿಯಾದ ಮಾರ್ಗ.

1. ಗಂಜಲ ಮತ್ತು ಸಗಣಿ ಬೇರೆಯಾಗಲಿ. ಕೊಟ್ಟಿಗೆಯ ನೆಲವು 40 ಅಡಿಗೆ 1 ಅಡಿಯಷ್ಟು ಇಳಿಜಾರಾಗಿದ್ದರೆ ಗಂಜಲವು ನಿಲ್ಲದೆ ಕಾಲುವೆಗೆ ಹರಿಯುತ್ತದೆ. ಅದನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ಹಿಡಿದು, ನೀರು ಬೆರೆಸಿ ಗಿಡಗಳ ಬುಡಕ್ಕೆ ಹಾಕಬಹುದು.

2. ದಿನಕ್ಕೆ ಎರಡು ಬಾರಿಯಾದರೂ ಸಗಣಿ ಎತ್ತಬೇಕು. ದನ ಮಲಗುವಲ್ಲಿ ಒಣಹುಲ್ಲು ಹಾಸಿ, ನೆನೆದ ಹುಲ್ಲನ್ನು ತೆಗೆಯುತ್ತಿರಬೇಕು.

3. ತಿಪ್ಪೆಯು ಮನೆಗಳಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ ದೂರವಿರಲಿ. ಸಗಣಿಯ ಪ್ರತಿ ಪದರದ ಮೇಲೆ ತರಗೆಲೆ, ಒಣಮಣ್ಣು ಹರಡಿರಿ. ಅನುಕೂಲವಿದ್ದವರಿಗೆ ಗೋಬರ್ ಗ್ಯಾಸ್ ಉತ್ತಮ.

4. ಅಗತ್ಯ ಮೀರಿ ಹಿಂಡಿ ತಿನ್ನಿಸಿದರೆ ಗಂಜಲದಲ್ಲಿ ಯೂರಿಯಾ ಹೆಚ್ಚುತ್ತದೆ; ಪಶುವೈದ್ಯರನ್ನು ಕೇಳಿ ಪ್ರಮಾಣ ನಿಗದಿಪಡಿಸಿರಿ.

ಎರಡೂ ಮನೆಯವರನ್ನು ಒಂದೆಡೆ ಕೂರಿಸಿ ಇಷ್ಟನ್ನೇ ತಿಳಿಸಿದೆವು. ಹಸುಗಳ ಒಡೆಯರು ಕಾಲುವೆ ತೋಡಿ ತಿಪ್ಪೆಯನ್ನು ಹೊಲಕ್ಕೆ ಸಾಗಿಸಿದರು. ಬಾಲಕನ ತಂದೆ ಧೂಪ ಬಿಟ್ಟು, ಕಾಲುವೆಯ ಖರ್ಚಿನಲ್ಲಿ ಪಾಲು ಕೊಟ್ಟರು. ಉಬ್ಬಸ ಪೂರ್ಣ ಹೋಯಿತೆಂದು ನಾವು ಹೇಳಲಾರೆವು. ಔಷಧ ಇಂದಿಗೂ ನಡೆದಿದೆ. ಆದರೆ ರಾತ್ರಿ ಎದ್ದು ಕೂರುವುದು ಬಹಳ ಕಡಿಮೆಯಾಗಿದೆ. ಆ ಮನೆಗೆ ಹಾಲು ಈಗ ಅದೇ ಕೊಟ್ಟಿಗೆಯಿಂದ ಬರುತ್ತಿದೆ.

ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ದೂರು ಬರೆಯುವ ಮುನ್ನ ಒಮ್ಮೆ ನೆರೆಮನೆಯ ಬಾಗಿಲು ತಟ್ಟಿರಿ.