ಟೀವಿಯೊಳಗಿನ ಮೈದಾನ ಎಷ್ಟು ಎಕರೆ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರಿಗೆ ಎಕರೆ, ಗುಂಟೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ ಸೀಮೆ ಅದು. ಬದುವಿನ ಮೇಲೆ ನಿಂತರೆ ಸಾಕು, ಎದುರಿಗಿರುವ ರಾಗಿ ಹೊಲ ಎಷ್ಟು ಗುಂಟೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಹಿರಿಯರಿರುವ ಜಾಗ. ಆದರೆ ಅಂಥವರನ್ನೇ ಐಪಿಎಲ್ ಸಂಜೆ ಟೀವಿ ಮುಂದೆ ಕೂರಿಸಿ, ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲುಹಾಸು ಎಷ್ಟು ಎಕರೆ ಇದ್ದೀತು ಎಂದು ಕೇಳಿದರೆ ಕಣ್ಣಳತೆ ಕೈಕೊಡುತ್ತದೆ. ವರ್ಷಗಟ್ಟಲೆ ನೋಡಿದ ಮೈದಾನವೇ ಇರಲಿ, ಉತ್ತರ ಬರುವುದಿಲ್ಲ. ತಪ್ಪು ಅವರ ಕಣ್ಣಿನದಲ್ಲ, ತೋರಿಸುವ ಯಂತ್ರದ್ದು. ಕ್ರಿಕೆಟ್ ಪ್ರಸಾರವು ಮೈದಾನದಿಂದ ದೂರವೆಂಬುದನ್ನು ಮೊದಲು ಅಳಿಸುತ್ತದೆ. ಆಮೇಲೆ ಅದನ್ನೇ ಮೀಟರು, ಕಿಲೋಮೀಟರುಗಳ ಅಂಕಿಯಾಗಿಸಿ ನಮಗೆ ಹಿಂದಿರುಗಿಸುತ್ತದೆ.

ಅಳಿಸಿಹೋದದ್ದು ಸಣ್ಣಪುಟ್ಟದ್ದಲ್ಲ. ಹೊಸ ಅಂತರರಾಷ್ಟ್ರೀಯ ಮೈದಾನಗಳಲ್ಲಿ ಪಿಚ್ಚಿನ ನಡುವಿನಿಂದ ಬೌಂಡರಿ ಕನಿಷ್ಠ 65 ಗಜ, ಗರಿಷ್ಠ 90 ಗಜ ಇರಬೇಕೆಂದು ಐಸಿಸಿ ನಿಯಮ ಹೇಳುತ್ತದೆ. ಸುತ್ತಲೂ 65 ಗಜವಿರುವ ವೃತ್ತದ ವಿಸ್ತೀರ್ಣ ಸುಮಾರು 2 ಎಕರೆ 30 ಗುಂಟೆ. 90 ಗಜದ ವೃತ್ತದ್ದು 5 ಎಕರೆ 10 ಗುಂಟೆ. ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು! ಹೊಲದ ಕ್ರಯಪತ್ರದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಕೋರ್ಟು ಮೆಟ್ಟಿಲು ಹತ್ತುತ್ತೇವೆ. ಟೀವಿಯಲ್ಲಿ ಮಾತ್ರ ಎರಡೂ ಮೈದಾನಗಳು ಒಂದೇ ಪರದೆಯಲ್ಲಿ ಅಚ್ಚುಕಟ್ಟಾಗಿ ಹಿಡಿಸಿಬಿಡುತ್ತವೆ. ಚಿನ್ನಸ್ವಾಮಿಯ ಬೌಂಡರಿ ಚಿಕ್ಕದು ಎಂಬುದು ನಮಗೆಲ್ಲ ಗೊತ್ತು, ನಿಜ. ಆದರೆ ಗೊತ್ತಾದದ್ದು ನೋಡಿ ಅಲ್ಲ. ಕಾಮೆಂಟರಿಯವರು ಹೇಳಿದ್ದರಿಂದ, ಸ್ಕೋರುಗಳನ್ನು ಕಂಡದ್ದರಿಂದ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಅಲ್ಲಿ ಔಟಾಗದೆ 175 ಬಾರಿಸಿದ ಮೇಲಂತೂ ಅದು ಗಾದೆಯಾಗಿಬಿಟ್ಟಿತು.

ಇದು ಹೇಗಾಗುತ್ತದೆ ಎಂದು ತಿಳಿಯಬೇಕಾದರೆ ಮುಖ್ಯ ಕ್ಯಾಮೆರಾ ಎಲ್ಲಿರುತ್ತದೆಂದು ನೋಡಬೇಕು. ಅದರ ಜಾಗ ಸೈಟ್‌ಸ್ಕ್ರೀನಿನ ಹಿಂದೆ, ಗ್ಯಾಲರಿಯ ಎತ್ತರದಲ್ಲಿ. ಮುಂದೆ ಟ್ರಂಕಿನ ಗಾತ್ರದ ಜೂಮ್ ಲೆನ್ಸು. ಆಪರೇಟರು ಒಂದು ಕೈಯಲ್ಲಿ ಜೂಮ್, ಇನ್ನೊಂದರಲ್ಲಿ ಫೋಕಸ್ ತಿರುಗಿಸುತ್ತ ಚೆಂಡಿನ ಬೆನ್ನು ಬಿಡದೆ ಹೋಗುತ್ತಾರೆ. ಕ್ಯಾಮೆರಾದಿಂದ ಬೌಲರ್ ಕಡೆಯ ಸ್ಟಂಪಿಗೆ 80 ಮೀಟರ್ ಇದೆ ಎನ್ನೋಣ. ಪಿಚ್ಚಿನ ಉದ್ದ 20.12 ಮೀಟರ್, ಹಾಗಾಗಿ ಬ್ಯಾಟರ್ ಕಡೆಯ ಸ್ಟಂಪಿಗೆ ಸುಮಾರು 100 ಮೀಟರ್. ದೂರ ಹೆಚ್ಚಿದಷ್ಟೂ ವಸ್ತು ಅದೇ ಪ್ರಮಾಣದಲ್ಲಿ ಕಿರಿದಾಗಿ ಕಾಣುವುದರಿಂದ, ಆಚೆಯ ಸ್ಟಂಪು ಈಚೆಯದರ ಶೇಕಡ 80ರಷ್ಟು ದೊಡ್ಡದಾಗಿ ಕಾಣುತ್ತದೆ. ಇತ್ತ ಸ್ಟಂಪಿನಿಂದ ಮೂರು ಮೀಟರ್ ಹಿಂದೆ ನಿಂತ ಅಂಪೈರಿಗೆ ಆಚೆಯ ಸ್ಟಂಪು ಕಾಣುವುದು ಈಚೆಯದರ ಶೇಕಡ 13ರಷ್ಟು. ನೋಡುತ್ತಿರುವುದು ಅದೇ ಪಿಚ್ಚು, ಆದರೂ ಅಂಪೈರಿಗೆ ಅದು ಉದ್ದನೆಯ ಓಣಿ, ನಮಗೆ ಮನೆ ಮುಂದಿನ ಜಗಲಿ. ಇದಕ್ಕೆ ಲೆನ್ಸನ್ನು ದೂರುವ ವಾಡಿಕೆಯುಂಟು. ಅದು ಪೂರ್ತಿ ಸರಿಯಲ್ಲ. ದೂರವನ್ನು ಹಿಂಡುವುದು ಕ್ಯಾಮೆರಾ ನಿಂತ ಜಾಗ. ಲೆನ್ಸು ಮಾಡುವುದು ಆ ದೂರದ ನೋಟದಲ್ಲಿ ಒಂದು ತುಣುಕನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

ಪರೀಕ್ಷಿಸಬೇಕೆನ್ನುವವರು ಮುಂದಿನ ಪಂದ್ಯದಲ್ಲಿ ಪರದೆಯ ಮೇಲೆ ಸ್ಕೇಲು ಇಟ್ಟು ನೋಡಬಹುದು. ಪಿಚ್ಚಿನ ನಿಜವಾದ ಉದ್ದ ಬ್ಯಾಟರ್‌ನ ಎತ್ತರದ ಹನ್ನೊಂದು ಪಟ್ಟು. ಪರದೆಯ ಮೇಲೆ ಅಳೆದರೆ ಬಹಳವೆಂದರೆ ಎರಡು, ಮೂರು ಪಟ್ಟು ಬರುತ್ತದೆ. ಕ್ಯಾಮೆರಾ ಇಪ್ಪತ್ತು ಮೀಟರ್ ಎತ್ತರದಲ್ಲಿ, ತೊಂಬತ್ತು ಮೀಟರ್ ದೂರದಲ್ಲಿ ಇದ್ದರೆ ಜ್ಯಾಮಿತಿಯ ಲೆಕ್ಕವೂ ಸುಮಾರು ಎರಡೂವರೆ ಪಟ್ಟು ಎನ್ನುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತವೂ ಟೀವಿಯಲ್ಲಿ ನಿಧಾನವಾಗಿ ಬಂದಂತೆ ಅನಿಸಲು ಇದೇ ಕಾರಣ. ಚೆಂಡು ನಿಜದಲ್ಲಿ ದಾಟಿದ ದೂರದ ಬಹುಪಾಲು ಪರದೆಯ ಮೇಲೆ ಇಲ್ಲವೇ ಇಲ್ಲ. ಸೋಫಾದಲ್ಲಿ ಕೂತು 'ಅಯ್ಯೋ, ಇದನ್ನು ಹೊಡೆಯೋಕೆ ಆಗಲಿಲ್ವ!' ಎಂದು ಬೈಯುವ ಧೈರ್ಯ ಬರುವುದೂ ಇಲ್ಲಿಂದಲೇ. ವೇಗ ಕಣ್ಣಿಗೆ ಸಿಗದ್ದರಿಂದ ಮೂಲೆಯಲ್ಲಿ ರಾಡಾರ್ ಅಳೆದ ಅಂಕಿ ಹಾಕುತ್ತಾರೆ.

ಸಿಕ್ಸರಿನದೂ ಅದೇ ಕತೆ. ಚೆಂಡು ಮೇಲೇರಿದೊಡನೆ ಕ್ಯಾಮೆರಾ ಅದನ್ನು ಬಿಗಿಯಾಗಿ ಹಿಡಿದು ಹಿಂಬಾಲಿಸುತ್ತದೆ. ಚೌಕಟ್ಟಿನಲ್ಲಿ ಉಳಿಯುವುದು ಬಿಳಿ ಚುಕ್ಕೆ, ಕತ್ತಲು, ಮತ್ತೆ ಗ್ಯಾಲರಿ. ಹೋಲಿಸಿ ನೋಡಲು ನೆಲದ ಮೇಲಿನ ಯಾವುದೊಂದೂ ಜೊತೆಗಿಲ್ಲ. ಚೆಂಡು ಗ್ಯಾಲರಿಗೆ ಹೋಗುತ್ತದೋ ಫೀಲ್ಡರ್ ಕೈಗೋ ಎಂಬುದು ಕೊನೆಯ ಗಳಿಗೆವರೆಗೂ ತಿಳಿಯುವುದಿಲ್ಲ. ಈ ಕುರುಡುತನವನ್ನೇ ನಾವು ರೋಮಾಂಚನ ಎಂದು ಕರೆಯುತ್ತೇವೆ. ಆಮೇಲೆ '98 ಮೀಟರ್' ಎಂಬ ಅಂಕಿ ಬರುತ್ತದೆ. ಅದು ಚೆಂಡು ಬಿದ್ದ ಜಾಗಕ್ಕೆ ಟೇಪು ಹಿಡಿದು ಅಳೆದದ್ದಲ್ಲ. ಗ್ಯಾಲರಿ ಅಡ್ಡ ಬರದಿದ್ದರೆ ಚೆಂಡು ಎಲ್ಲಿ ನೆಲ ಮುಟ್ಟುತ್ತಿತ್ತು ಎಂಬ ಅಂದಾಜು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ಶೇಕಡ 9ರಷ್ಟು ತೆಳು, ತಡೆಯೂ ಅಷ್ಟು ಕಡಿಮೆ. ಇದೂ ಚಿತ್ರದಲ್ಲಿ ಕಾಣುವ ಸಂಗತಿಯಲ್ಲ.

ಕಿವಿಗೆ ಆಗುವುದು ಇನ್ನೂ ವಿಚಿತ್ರ. ಗ್ಯಾಲರಿಯಲ್ಲಿ ನೂರು ಮೀಟರ್ ದೂರ ಕೂತವರಿಗೆ ಬ್ಯಾಟಿನ ಸದ್ದು ತಲುಪಲು ಸುಮಾರು 0.3 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಹತ್ತು ಮೀಟರ್ ಹೋಗಿರುತ್ತದೆ. ಮೊದಲು ನೋಟ, ಆಮೇಲೆ ಸದ್ದು: ಮೈದಾನ ದೊಡ್ಡದೆಂದು ಮೈಗೆ ತಿಳಿಸುವ ಸುಳಿವಿದು. ಟೀವಿಯಲ್ಲಿ ಸ್ಟಂಪಿನ ಮೈಕು ಆ ಅಂತರವನ್ನೂ ನುಂಗಿಹಾಕುತ್ತದೆ. ಕಣ್ಣು ಗ್ಯಾಲರಿಯಲ್ಲಿ, ಕಿವಿ ಸ್ಟಂಪಿನ ಬುಡದಲ್ಲಿ. ಅಂಥ ಸೀಟಿನ ಟಿಕೆಟ್ಟು ಯಾವ ಕ್ರೀಡಾಂಗಣದಲ್ಲೂ ಮಾರಾಟಕ್ಕಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಊಹಿಸಬಹುದಾದದ್ದೇ: ಗ್ಯಾಲರಿಯಲ್ಲಿ ಕೂತವರಿಗೆ ಆಟ ಅಷ್ಟಾಗಿ ಕಾಣುವುದಿಲ್ಲ, ಟೀವಿಯಲ್ಲಿ ಸೀಮ್ ತಿರುಗುವುದೂ ಕಾಣುತ್ತದೆ. ಒಪ್ಪಿದೆ. ಅಷ್ಟೇ ಅಲ್ಲ, ಟೀವಿ ಒಂದು ದೊಡ್ಡ ಅನ್ಯಾಯವನ್ನೂ ಸರಿಪಡಿಸಿದೆ. ಮುಂಚೆ ಮುಖ್ಯ ಕ್ಯಾಮೆರಾ ಒಂದೇ ತುದಿಯಲ್ಲಿರುತ್ತಿತ್ತು, ಹಾಗಾಗಿ ಓವರ್ ಬಿಟ್ಟು ಓವರ್ ಬ್ಯಾಟರ್‌ನ ಬೆನ್ನು ನೋಡುವುದೇ ಪ್ರೇಕ್ಷಕರ ಪಾಡಾಗಿತ್ತು. 1977ರಲ್ಲಿ ಆಸ್ಟ್ರೇಲಿಯಾದ ಟೀವಿ ವಾಹಿನಿಯ ಒಡೆಯ ಕೆರ್ರಿ ಪ್ಯಾಕರ್ ತಮ್ಮ ವಿಶ್ವ ಸರಣಿ ಕ್ರಿಕೆಟ್ಟಿಗೆ ಎರಡೂ ತುದಿಯಲ್ಲಿ ಕ್ಯಾಮೆರಾ ಇಡಿಸಿದರು. ಆದರೆ ವಿವರ ಬೇರೆ, ದೂರ ಬೇರೆ. 1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನೆಯಿರಿ. ಇದೇ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಎಸೆತಕ್ಕೇ ವೆಂಕಟೇಶ್ ಪ್ರಸಾದ್ ಬಂದು ಸೊಹೈಲ್ ಸ್ಟಂಪು ಎಬ್ಬಿಸಿದ್ದು ಎಲ್ಲರಿಗೂ ನೆನಪಿದೆ. ಆ ಬೌಂಡರಿ ಎಷ್ಟು ದೂರ ಉರುಳಿತು, ಯಾವ ಫೀಲ್ಡರ್ ಎಲ್ಲಿದ್ದ ಎಂದು ಯಾರಾದರೂ ಹೇಳುತ್ತಾರೆಯೇ? ಟೀವಿ ಅಂದು ಕೊಟ್ಟದ್ದು ಮುಖಗಳನ್ನು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ನೂರು ಮೀಟರ್ ಆಚೆಗೆ ನಮ್ಮ ಎರಡು ಕಣ್ಣುಗಳ ನಡುವಿನ ನೋಟದ ವ್ಯತ್ಯಾಸ ನಗಣ್ಯ, ಹಾಗಾದರೆ ಗ್ಯಾಲರಿಯಲ್ಲಿದ್ದವರಿಗೆ ಮಾತ್ರ ದೂರ ಹೇಗೆ ತಿಳಿಯುತ್ತದೆ? ಅದು ತಿಳಿಯುವುದು ಕಣ್ಣಿನ ಜೋಡಿಯಿಂದಲ್ಲ. ತಲೆ ತಿರುಗಿಸಿದಾಗ ಇಡೀ ಮೈದಾನ ಒಂದೇ ಅಳತೆಯಲ್ಲಿ ಸಿಗುತ್ತದೆ, ಎದ್ದು ನಡೆದಾಗ ಹತ್ತಿರದ್ದು ಬೇಗ, ದೂರದ್ದು ನಿಧಾನ ಸರಿಯುತ್ತದೆ, ಫೀಲ್ಡರ್ ಬೌಂಡರಿಗೆ ಓಡಲು ಹಿಡಿದ ಸಮಯ ಕತ್ತರಿಯಾಡದೆ ಕಾಣುತ್ತದೆ. ಇವು ಟೀವಿಗೂ ಅಸಾಧ್ಯವಲ್ಲ. ನಾಲ್ಕು ಹಗ್ಗಗಳಲ್ಲಿ ತೂಗುವ ಸ್ಪೈಡರ್‌ಕ್ಯಾಮ್ ಸರಿದಾಗ ಕೆಲವು ಸೆಕೆಂಡು ಮೈದಾನಕ್ಕೆ ಆಳ ಬರುವುದು ಆ ಚಲನೆಯಿಂದಲೇ, ಅಗಲ ಲೆನ್ಸು ಅದನ್ನು ಇರುವುದಕ್ಕಿಂತ ತುಸು ಹಿರಿದಾಗಿಸಿದರೂ. ಚೆಂಡಿನ ಜಾಡು ಹಿಡಿಯುವ ಹಾಕ್‌ಐ ಕೂಡ ಬೇರೆ ಬೇರೆ ಕಡೆ ಇಟ್ಟ ಕ್ಯಾಮೆರಾಗಳ ನೋಟಗಳನ್ನು ಜೋಡಿಸಿ ದೂರವನ್ನು ಲೆಕ್ಕ ಹಾಕುತ್ತದೆ. ಅಂದರೆ ಪ್ರಸಾರದ ಯಂತ್ರಗಳಿಗೆ ಮೈದಾನದ ಅಳತೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ನಮಗೆ.

ಗೊತ್ತಾಗದಿದ್ದರೆ ನಷ್ಟವೇನು, ಇದು ಮನರಂಜನೆಯಲ್ಲವೇ ಎಂಬುದು ಮೂರನೆಯ ಮಾತು. ಮನೆಯಲ್ಲೇ ಕೂತವರಿಗೆ ನಷ್ಟವಿಲ್ಲ. ಆದರೆ ಟೀವಿಯ ಕ್ರೀಡಾಂಗಣ ಗ್ಯಾಲರಿಗೇ ಮುಗಿಯುತ್ತದೆ. ಅದಕ್ಕೆ ಗೇಟಿಲ್ಲ, ಮೆಟ್ಟಿಲಿಲ್ಲ, ಫುಟ್‌ಪಾತಿಲ್ಲ. ನಿಜದ ಕ್ರೀಡಾಂಗಣಕ್ಕೆ ಅವೆಲ್ಲ ಉಂಟು: 2025ರ ಜೂನ್ 4ರಂದು ಚಿನ್ನಸ್ವಾಮಿಯೊಳಗೆ ಆರ್‌ಸಿಬಿ ವಿಜಯೋತ್ಸವ ನಡೆದ ದಿನವೇ ಹೊರಗಿನ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ತನಿಖೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲ ಎಂದಿತು. ಆ ದುರಂತಕ್ಕೆ ಟೀವಿ ಕಾರಣವೆಂದು ಹೇಳಲಾಗದು. ಸಿದ್ಧತೆಯಿಲ್ಲದೆ ಜನರನ್ನು ಕರೆದದ್ದರ ಹೊಣೆಯನ್ನು ಲೆನ್ಸಿನ ಮೇಲೆ ಹಾಕಲು ಬರುವುದಿಲ್ಲ. ಆದರೂ ಕ್ರೀಡಾಂಗಣವನ್ನು ಪರದೆಯಲ್ಲಷ್ಟೇ ಕಂಡು, ದೇವನಹಳ್ಳಿ ಕಡೆಯಿಂದ ಬಸ್ಸು ಹತ್ತಿ ಮೊದಲ ಸಲ ಬರುವವರ ತಲೆಯಲ್ಲಿ ಗೇಟಿನ ಅಗಲದ ಅಂದಾಜೂ ಇರುವುದಿಲ್ಲ. ಟಾಸಿಗೆ ಮುನ್ನ ಸ್ಕ್ವೇರ್ ಬೌಂಡರಿ ಎಷ್ಟು ಮೀಟರ್ ಎಂದು ಗ್ರಾಫಿಕ್ಸ್ ಹಾಕುವ ವಾಡಿಕೆ ಈಗಾಗಲೇ ಇದೆ. ಯಾವ ಸ್ಟ್ಯಾಂಡಿಗೆ ಯಾವ ಗೇಟು, ಅಲ್ಲಿಂದ ಮೆಟ್ರೊ ನಿಲ್ದಾಣಕ್ಕೆ ಎಷ್ಟು ನಡೆಯಬೇಕು ಎಂದು ತೋರಿಸಲು ಅದೇ ಗ್ರಾಫಿಕ್ಸ್ ಯಂತ್ರ ಸಾಕು, ಹೊಸ ಕ್ಯಾಮೆರಾ ಬೇಕಿಲ್ಲ.